ಊಟದ ಸಮಿತಿಯಲ್ಲಿ ಊಟ ಮಾಡುವವರಿಗೂ ಜಾಗ ಕೊಡಿ

ಇವರಿಗೆ,
ಮಾನ್ಯ ಅಧ್ಯಕ್ಷರು ಮತ್ತು ಎಲ್ಲ ಸದಸ್ಯರು,
ಗ್ರಾಮ ಪಂಚಾಯತ್,
ಮಂಜೇಶ್ವರ ತಾಲೂಕು, ಕಾಸರಗೋಡು ಜಿಲ್ಲೆ.

ವಿಷಯ: ಶಾಲೆಯ ಮಧ್ಯಾಹ್ನದ ಊಟದ ಮೇಲ್ವಿಚಾರಣೆ ಮತ್ತು ಅದರಲ್ಲಿ ಮಕ್ಕಳಿಗೆ, ಯುವಜನರಿಗೆ ಜಾಗ ಕೊಡುವ ಬಗ್ಗೆ.

ಮಾನ್ಯರೇ,

2025ರ ಡಿಸೆಂಬರ್ 11ರಂದು ನಾವು ಓಟು ಹಾಕಿದೆವು. 13ಕ್ಕೆ ಎಣಿಕೆಯಾಗಿ ನೀವು ಗೆದ್ದು ಬಂದಿರಿ. ನಿಮಗೆಲ್ಲ ಅಭಿನಂದನೆ. ಪಟಾಕಿ, ಮೆರವಣಿಗೆ, ಸನ್ಮಾನ ಎಲ್ಲ ಮುಗಿದು ಈಗ ಕಚೇರಿಯ ಫೈಲುಗಳು ಒಂದೊಂದಾಗಿ ನಿಮ್ಮ ಮೇಜಿಗೆ ಬರುತ್ತಿರಬಹುದು. ಅದರಲ್ಲಿ ಶಾಲೆಯ ಊಟದ ಫೈಲು ತಾನಾಗಿ ಮೇಲೆ ಬರುವುದಿಲ್ಲ. ರಸ್ತೆ, ಬೀದಿದೀಪ, ಕುಡಿಯುವ ನೀರು, ಮನೆ ರಿಪೇರಿಗೆ ಕೇಳುವವರು ಕಚೇರಿಯ ಬಾಗಿಲಲ್ಲಿ ಸಾಲು ನಿಲ್ಲುತ್ತಾರೆ. ಎರಡನೇ ಕ್ಲಾಸಿನ ಮಗು ಬಂದು ಸಾಲು ನಿಲ್ಲುವುದಿಲ್ಲ. ಅದಕ್ಕೇ ಈ ಪತ್ರ.

ಇದನ್ನು ಬಹಿರಂಗವಾಗಿ ಯಾಕೆ ಬರೆಯುತ್ತಿದ್ದೇನೆ ಅಂತ ನೀವು ಕೇಳಬಹುದು. ಹಿಂದಿನ ಮಂಡಳಿಗೆ ಇದೇ ವಿಷಯವಾಗಿ ಕನ್ನಡದಲ್ಲೇ ಅರ್ಜಿ ಕೊಟ್ಟಿದ್ದೆ. ರಸೀದಿ ಸಿಕ್ಕಿತು, ಉತ್ತರ ಸಿಗಲಿಲ್ಲ. ಆಮೇಲೆ ಹೋಗಿ ವಿಚಾರಿಸಿದಾಗ, ಊಟದ ವಿಷಯ ಎಇಒ (ಉಪಜಿಲ್ಲಾ ಶಿಕ್ಷಣಾಧಿಕಾರಿ) ಕಚೇರಿಗೆ ಸೇರಿದ್ದು, ಅಲ್ಲಿ ನೂನ್ ಮೀಲ್ ಆಫೀಸರ್ ಇದ್ದಾರೆ, ಅವರನ್ನೇ ಕೇಳಿ ಎಂದರು. ಅಲ್ಲಿಗೆ ಹೋದರೆ, ಅದು ಶಾಲೆಯ ಸಮಿತಿಯಲ್ಲಿ ತೀರ್ಮಾನ ಆಗಬೇಕಾದದ್ದು ಎಂದರು. ಶಾಲೆಯ ಸಮಿತಿಯಲ್ಲಿ ಕೇಳಿದರೆ, ಪಂಚಾಯತ್ ಮನಸ್ಸು ಮಾಡಬೇಕು ಎನ್ನುತ್ತಾರೆ. ಹೀಗೆ ಸುತ್ತಿಸಿದವರಲ್ಲಿ ಯಾರೂ ಕೆಟ್ಟವರಲ್ಲ. ಯಾರಿಗೂ ಇದು ತಮ್ಮ ಕೆಲಸ ಅಂತ ಅನ್ನಿಸಿಲ್ಲ, ಅಷ್ಟೇ. ಶಾಲೆಯ ಹೆಸರನ್ನಾಗಲಿ, ವಾರ್ಡಿನ ಹೆಸರನ್ನಾಗಲಿ ನಾನು ಇಲ್ಲಿ ಬರೆಯುವುದಿಲ್ಲ. ಬರೆದರೆ ಮೊದಲು ಬೈಸಿಕೊಳ್ಳುವುದು ಹೆಡ್ ಮಾಷ್ಟ್ರು, ಆಮೇಲೆ ಅಡುಗೆಯ ಅಕ್ಕ. ಇಬ್ಬರದ್ದೂ ತಪ್ಪಿಲ್ಲ.

ನಾನು ಇದೇ ಪಂಚಾಯತಿನ ಕನ್ನಡ ಮಾಧ್ಯಮದ ಸರಕಾರಿ ಯುಪಿ (ಹಿರಿಯ ಪ್ರಾಥಮಿಕ) ಶಾಲೆಯಲ್ಲಿ ಏಳನೆಯವರೆಗೆ ಓದಿದವಳು. ಅಲ್ಲಿಯ ಊಟ ಉಂಡೇ ಬೆಳೆದವಳು. ಈಗ ಮಂಗಳೂರಿನಲ್ಲಿ ಕೆಲಸ. ತಮ್ಮ ಅದೇ ಶಾಲೆಯಲ್ಲಿ ಏಳನೇ ಕ್ಲಾಸು. ಅಮ್ಮ ಬೀಡಿ ಕಟ್ಟುತ್ತಾರೆ, ಶಾಲಾ ಆಡಳಿತ ಸಮಿತಿಯ ಸದಸ್ಯೆಯೂ ಹೌದು. ಸಮಿತಿಯ ಕಾಗದಗಳು ಹೆಚ್ಚಾಗಿ ಮಲಯಾಳದಲ್ಲಿ ಬರುತ್ತವೆ. ಅಮ್ಮನಿಗೆ ಓದಲು ಬರುವುದಿಲ್ಲ. ನಾನು ಕಾಲೇಜಿಗೆ ಹೋಗುತ್ತಿದ್ದಾಗ ಕಷ್ಟಪಟ್ಟು ಕಲಿತೆ. ಹಾಗಾಗಿ ಮೀಟಿಂಗಿಗೆ ಅಮ್ಮನ ಜೊತೆ ನಾನೂ ಹೋಗಿ ಹಿಂದಿನ ಬೆಂಚಿನಲ್ಲಿ ಕೂರುತ್ತೇನೆ. ಕೆಳಗೆ ಬರೆದಿರುವುದೆಲ್ಲ ಆ ಹಿಂದಿನ ಬೆಂಚಿನಿಂದ ಕಂಡದ್ದು.

ಮೊದಲು ಒಳ್ಳೆಯದನ್ನೇ ಹೇಳುತ್ತೇನೆ. ಊಟ ಕೊಡುವುದರಲ್ಲಿ ಕೇರಳ ಹಿಂದೆ ಬಿದ್ದ ರಾಜ್ಯ ಅಲ್ಲ. 1984ರಲ್ಲೇ ಇಲ್ಲಿ ಕರಾವಳಿಯ ಮೀನುಗಾರರ ಊರುಗಳ ಶಾಲೆಗಳಲ್ಲಿ ಮಧ್ಯಾಹ್ನದ ಊಟ ಶುರುವಾಯಿತು. ಕೇಂದ್ರದ ಯೋಜನೆ ಬಂದದ್ದು 1995ರ ಆಗಸ್ಟ್ 15ಕ್ಕೆ. ಬೇಯಿಸಿದ ಊಟವನ್ನೇ ಕೊಡಬೇಕು ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2001ರ ನವೆಂಬರಿನಲ್ಲಿ. ಅಷ್ಟು ಹೊತ್ತಿಗೆ ನಮ್ಮ ಶಾಲೆಗಳ ಅಡುಗೆ ಕೋಣೆಯಲ್ಲಿ ಗಂಜಿ, ಹೆಸರುಕಾಳು ಬೇಯಲು ಶುರುವಾಗಿ ವರ್ಷಗಳೇ ಆಗಿದ್ದವು. ಈಗ ಅನ್ನ, ಸಾಂಬಾರು, ಪಲ್ಯ ಇದೆ. ವಾರಕ್ಕೆ ಎರಡು ಸಲ 150 ಮಿಲಿ ಹಾಲು, ಒಂದು ಮೊಟ್ಟೆ, ಮೊಟ್ಟೆ ತಿನ್ನದವರಿಗೆ ನೇಂದ್ರ ಬಾಳೆಹಣ್ಣು ಇದೆ. ಅಡುಗೆಯವರಿಗೆ ಕೊಡುವ ದಿನಗೂಲಿಯೂ ಬೇರೆ ರಾಜ್ಯಗಳಿಗೆ ಹೋಲಿಸಿದರೆ ತುಂಬಾ ಚೆನ್ನಾಗಿದೆ. ಕೇಂದ್ರದ ಲೆಕ್ಕದಲ್ಲಿ ಅವರಿಗೆ ತಿಂಗಳಿಗೆ 1000 ರೂಪಾಯಿ. 2009ರಿಂದ ಅದೇ ಇದೆ. ಇಲ್ಲಿ ದಿನಕ್ಕೆ 600 ರೂಪಾಯಿಯಿಂದ ಮೇಲೆ ಸಿಗುತ್ತದೆ.

ಈ ಊಟದ ಬೆಲೆ ಏನು ಅಂತ ಬೀಡಿ ಕಟ್ಟುವ, ಗೇರುಬೀಜದ ಕೆಲಸಕ್ಕೆ ಹೋಗುವ, ತೋಟದ ಕೂಲಿಗೆ ಹೋಗುವ ಮನೆಗಳಿಗೆ ಬಂದು ಕೇಳಿ. ಬೆಳಗ್ಗೆ ಒಂದು ಲೋಟ ಚಾ ಕುಡಿದು, ಇದ್ದರೆ ಎರಡು ಬಿಸ್ಕೆಟ್ ತಿಂದು ಶಾಲೆಗೆ ಓಡುವ ಮಕ್ಕಳು ಈಗಲೂ ಇದ್ದಾರೆ. ಅವರ ದಿನದ ಮೊದಲ ಸರಿಯಾದ ಊಟ ಶಾಲೆಯದ್ದೇ. ಹಾಗಾಗಿ ಇದು ಯಾರೋ ಧರ್ಮಕ್ಕೆ ಕೊಡುವ ಊಟ ಅಲ್ಲ. 2013ರ ಆಹಾರ ಭದ್ರತಾ ಕಾಯ್ದೆಯ ಐದನೇ ಸೆಕ್ಷನ್ ಪ್ರಕಾರ ಎಂಟನೆಯವರೆಗಿನ ಮಕ್ಕಳಿಗೆ ಇದು ಹಕ್ಕು.

ಇನ್ನು ತಕರಾರಿಗೆ ಬರುತ್ತೇನೆ.

ದುಡ್ಡಿನ ಲೆಕ್ಕದಿಂದಲೇ ಶುರು ಮಾಡೋಣ. 2025ರ ಮೇ ತಿಂಗಳಿಂದ ಕೇಂದ್ರ ನಿಗದಿ ಮಾಡಿರುವ ಸಾಮಗ್ರಿ ವೆಚ್ಚ ಐದನೆಯವರೆಗಿನ ಒಂದು ಮಗುವಿಗೆ ದಿನಕ್ಕೆ 6.78 ರೂಪಾಯಿ, ಆರರಿಂದ ಎಂಟನೆಯವರೆಗೆ 10.17 ರೂಪಾಯಿ. ಅಕ್ಕಿ ಬೇರೆ, ಅದು ಸರಕಾರದ ಮಾವೇಲಿ ಸ್ಟೋರಿನಿಂದ ಬರುತ್ತದೆ. ಚಿಕ್ಕ ಕ್ಲಾಸುಗಳಲ್ಲಿ 60 ಮಕ್ಕಳಿದ್ದರೆ ದಿನಕ್ಕೆ ಸುಮಾರು 407 ರೂಪಾಯಿ ಆಯಿತು. ನಿಯಮದ ಪ್ರಕಾರ ಒಂದು ಮಗುವಿಗೆ 20 ಗ್ರಾಂ ಬೇಳೆಕಾಳು, 50 ಗ್ರಾಂ ತರಕಾರಿ, 5 ಗ್ರಾಂ ಎಣ್ಣೆ. 60 ಮಕ್ಕಳಿಗೆ 1.2 ಕಿಲೋ ಬೇಳೆ, 3 ಕಿಲೋ ತರಕಾರಿ, 300 ಗ್ರಾಂ ಎಣ್ಣೆ. ಇದರ ಜೊತೆ ಉಪ್ಪು, ಮೆಣಸು, ಹುಳಿ, ಗ್ಯಾಸು. ಸಾಂಬಾರಿಗೆ ತೆಂಗಿನಕಾಯಿ ಬೇಡವೇ? 2025ರ ಮಳೆಗಾಲದಲ್ಲಿ ತೆಂಗಿನೆಣ್ಣೆ ಲೀಟರಿಗೆ 400 ರೂಪಾಯಿ ದಾಟಿ ಹೋಯಿತು, ಕಾಯಿಯ ರೇಟೂ ಅದರ ಹಿಂದೆಯೇ ಏರಿತು. ನಿಮ್ಮ ಮನೆಯಲ್ಲಿ ಸಾಮಾನಿನ ಚೀಟಿ ಬರೆಯುವವರ ಕೈಗೆ 407 ರೂಪಾಯಿ ಕೊಟ್ಟು 60 ಜನಕ್ಕೆ ಸಾಂಬಾರು, ಪಲ್ಯ ಮಾಡಿ ಎಂದು ಹೇಳಿ ನೋಡಿ. ಅವರು ಏನು ಹೇಳುತ್ತಾರೆ ಅಂತ ನಾನು ಬರೆಯಬೇಕಾಗಿಲ್ಲ.

ಆ ದುಡ್ಡಾದರೂ ಸಮಯಕ್ಕೆ ಬಂದರೆ ಸರಿ. ನಮ್ಮ ಶಾಲೆಯಲ್ಲಿ ಅದೂ ತಡವಾಗುತ್ತದೆ. ಆಗ ಹೆಡ್ ಮಾಷ್ಟ್ರು ಅಂಗಡಿಯಲ್ಲಿ ಕಡ ಹೇಳಿ ಸಾಮಾನು ತರುತ್ತಾರೆ. ಅಂಗಡಿಯವರು ಒಂದು ಹಂತದವರೆಗೆ ಕೊಡುತ್ತಾರೆ, ಆಮೇಲೆ ಮುಖ ತಿರುಗಿಸುತ್ತಾರೆ. ಅಂಥ ವಾರಗಳಲ್ಲಿ ಸಾಂಬಾರು ತೆಳ್ಳಗಾಗುತ್ತದೆ, ಮೊಟ್ಟೆ ಮುಂದಿನ ವಾರಕ್ಕೆ ಹೋಗುತ್ತದೆ, ಆ ಮುಂದಿನ ವಾರ ಎರಡು ಮೊಟ್ಟೆ ಬರುವುದಿಲ್ಲ. ಇದು ನಮ್ಮ ಒಂದು ಶಾಲೆಯ ಕಥೆ ಅಲ್ಲ. ಶಾಲೆಯ ಮಕ್ಕಳ ಸಂಖ್ಯೆ ನೋಡಿ ಒಂದು ಮಗುವಿಗೆ 8, 7 ಅಥವಾ 6 ರೂಪಾಯಿ ಎಂದು 2016ರಲ್ಲಿ ಮಾಡಿದ ಲೆಕ್ಕದಲ್ಲೇ ವರ್ಷಗಟ್ಟಲೆ ಊಟ ನಡೆದು, ಬರಬೇಕಾದ ಬಾಕಿಯೂ ನಿಂತು, 2023ರಲ್ಲಿ ಅಧ್ಯಾಪಕರ ಸಂಘಟನೆ ಕೇರಳ ಹೈಕೋರ್ಟಿನ ಮೆಟ್ಟಿಲು ಹತ್ತಬೇಕಾಯಿತು. ಮಕ್ಕಳಿಗೆ ಪಾಠ ಹೇಳಬೇಕಾದ ಮಾಷ್ಟ್ರು ಬೇಳೆಯ ಸಾಲಕ್ಕೆ ಕೋರ್ಟಿಗೆ ಹೋಗುವುದು ಯಾರಿಗೂ ಶೋಭೆಯಲ್ಲ ಅಲ್ವಾ?

ಇದೆಲ್ಲ ಕೇಂದ್ರ, ರಾಜ್ಯ ಸರಕಾರಗಳ ವಿಷಯ, 60:40 ಪಾಲಿನ ಜಗಳ, ನಾವೇನು ಮಾಡೋಣ ಎಂದು ನೀವು ಹೇಳಬಹುದು. ನಿಜ, ದರ ಏರಿಸುವುದು ನಿಮ್ಮ ಕೈಯಲ್ಲಿಲ್ಲ. ಆದರೆ 1995ರ ನಂತರ ಕೇರಳದಲ್ಲಿ ಸರಕಾರಿ ಪ್ರಾಥಮಿಕ ಶಾಲೆಗಳು ಗ್ರಾಮ ಪಂಚಾಯತಿನ ಸುಪರ್ದಿಗೆ ಬಂದಿವೆ. ಶಾಲೆಯ ಕಟ್ಟಡಕ್ಕೆ ಬಣ್ಣ ಬಳಿದಾಗ ಗೋಡೆಯ ಮೇಲೆ ಪಂಚಾಯತಿನ ಹೆಸರು ದೊಡ್ಡದಾಗಿ ಬರೆಸುತ್ತೀರಿ. ಗೋಡೆ ನಿಮ್ಮದು ಎಂದಾದರೆ ಒಳಗಿನ ಅಡುಗೆ ಕೋಣೆಯೂ ನಿಮ್ಮದೇ. ಆರೋಗ್ಯ ಮತ್ತು ಶಿಕ್ಷಣಕ್ಕೆಂದೇ ನಿಮ್ಮಲ್ಲಿ ಒಂದು ಸ್ಥಾಯಿ ಸಮಿತಿ ಇದೆ. ಕೇರಳದ ಎಷ್ಟೋ ಪಂಚಾಯತುಗಳು ತಮ್ಮ ಯೋಜನಾ ನಿಧಿಯಿಂದ ಮಕ್ಕಳಿಗೆ ಬೆಳಗಿನ ತಿಂಡಿಯನ್ನೇ ಕೊಡುತ್ತಿವೆ. ಹಾಗಾಗಿ ದಾರಿ ಇಲ್ಲ ಎನ್ನುವ ಮಾತು ಬೇಡ.

ನೀವು ಖಂಡಿತ ಮಾಡಬಹುದಾದ ಕೆಲಸ ನೋಡಿಕೊಳ್ಳುವುದು. ಅದು ಈಗ ಹೇಗೆ ನಡೆಯುತ್ತಿದೆ ಹೇಳುತ್ತೇನೆ.

2015ರ ಮಧ್ಯಾಹ್ನದ ಊಟದ ನಿಯಮ, ಮಾರ್ಗಸೂಚಿಗಳಲ್ಲಿ, ಊಟ ಬಡಿಸುವ ಮೊದಲು ರುಚಿ ನೋಡಬೇಕು, ಒಬ್ಬ ಅಧ್ಯಾಪಕರಾದರೂ ನೋಡಲೇಬೇಕು, ಶಾಲಾ ಸಮಿತಿ ಗುಣಮಟ್ಟದ ಮೇಲೆ ಕಣ್ಣಿಡಬೇಕು ಎಂದಿದೆ. ನಮ್ಮ ಶಾಲೆಯಲ್ಲೂ ರುಚಿ ನೋಡಿದ ಪುಸ್ತಕ ಇದೆ. ಇಡೀ ತಿಂಗಳ ಪುಟದಲ್ಲಿ ಒಂದೇ ಪೆನ್ನಿನ, ಒಂದೇ ಓಟದ ಸಹಿ. ಎಲ್ಲ ದಿನವೂ 'ಉತ್ತಮ'. ಅಡುಗೆಯ ಅಕ್ಕ ಜ್ವರ ಬಂದು ರಜೆ ಹಾಕಿ, ಇಬ್ಬರು ತಾಯಂದಿರು ಬಂದು ಹೇಗೋ ಅನ್ನ ಬೇಯಿಸಿ, ಉಪ್ಪಿನಕಾಯಿ ಹಾಕಿ ಮುಗಿಸಿದ ದಿನವೂ 'ಉತ್ತಮ'. ಆ ಇಬ್ಬರಲ್ಲಿ ಒಬ್ಬರು ನನ್ನ ಅಮ್ಮ. ಹಾಗಾಗಿ ಆ ದಿನ ನನಗೆ ಚೆನ್ನಾಗಿ ನೆನಪಿದೆ.

ಊಟದ ಸಮಿತಿಯ ಮೀಟಿಂಗೂ ಅಷ್ಟೇ. ಹಿಂದಿನ ಮಂಡಳಿಯ ಕಾಲದಲ್ಲಿ ವಾರ್ಡ್ ಮೆಂಬರ್ ಬಂದರೆ ಗೇಟಿನ ಹತ್ತಿರವೇ ಪುಸ್ತಕ ತರಿಸಿಕೊಂಡು ಸಹಿ ಹಾಕಿ ಹೋಗುತ್ತಿದ್ದರು. ಪ್ರವೇಶೋತ್ಸವದ ದಿನ ಪಾಯಸ ಕುಡಿದಿದ್ದಾರೆ, ಅದು ನಿಜ. ಬೇರೆ ದಿನ ಮಕ್ಕಳ ಸಾಲಿನಲ್ಲಿ ಕೂತು ಉಂಡದ್ದನ್ನು ನನ್ನ ತಮ್ಮನ ಕ್ಲಾಸಿನ ಯಾರೂ ನೋಡಿಲ್ಲ.

ಇನ್ನು ಅಡುಗೆಯ ಅಕ್ಕನ ವಿಷಯ. ಕೇರಳದಲ್ಲಿ 500 ಮಕ್ಕಳವರೆಗೆ ಒಬ್ಬರೇ ಅಡುಗೆಯವರು ಎಂಬ ಲೆಕ್ಕ. ಕೇಂದ್ರದ ಲೆಕ್ಕ ನೋಡಿದರೆ 25 ಮಕ್ಕಳವರೆಗೆ ಒಬ್ಬರು, 100ರವರೆಗೆ ಇಬ್ಬರು, ಆಮೇಲೆ ನೂರಕ್ಕೆ ಒಬ್ಬರಂತೆ ಜಾಸ್ತಿ. ಕೂಲಿ ಇಲ್ಲಿ ಒಳ್ಳೆಯದು, ಜನ ಅಲ್ಲಿ ಜಾಸ್ತಿ. ನಮ್ಮ ಅಕ್ಕ ಐವತ್ತು ದಾಟಿದವರು. ಬೆಳಗ್ಗೆ ತರಕಾರಿ ಹೆಚ್ಚುವುದರಿಂದ ಹಿಡಿದು ಕೊನೆಯ ಪಾತ್ರೆ ತೊಳೆಯುವವರೆಗೆ ಅವರೊಬ್ಬರೇ. ಅನ್ನದ ಚರಿಗೆ ಇಳಿಸುವಾಗ ಏಳನೇ ಕ್ಲಾಸಿನ ಹುಡುಗರು ಕೈ ಹಿಡಿಯುತ್ತಾರೆ. ಬಿಸಿ ಗಂಜಿನೀರು ತುಂಬಿದ ಚರಿಗೆ! ಒಂದು ದಿನ ಅದು ಜಾರಿದರೆ ಆಮೇಲೆ ನಾವೆಲ್ಲ ಎಲ್ಲೆಲ್ಲಿಗೆ ಓಡಬೇಕಾಗುತ್ತದೋ ಯೋಚಿಸಿ. ಯಾವ ಮೀಟಿಂಗಿನ ನಡಾವಳಿಯಲ್ಲೂ ಇದು ಬಂದಿಲ್ಲ. ಯಾಕೆಂದರೆ ಇದನ್ನು ದಿನಾ ನೋಡುವವರು ಯಾರೂ ಮೀಟಿಂಗಿನಲ್ಲಿಲ್ಲ.

ಇದೇ ನನ್ನ ಮುಖ್ಯ ಮಾತು. ಊಟದ ಬಗ್ಗೆ ಅಧ್ಯಾಪಕರಿಗೆ, ಮೆಂಬರಿಗೆ, ಆಫೀಸರಿಗೆ ಗೊತ್ತಿಲ್ಲದ ಎಷ್ಟೋ ವಿಷಯ ದಿನಾ ಉಣ್ಣುವವರಿಗೆ ಗೊತ್ತು.

2025ರ ಆಗಸ್ಟಿನಿಂದ ಹೊಸ ಮೆನು ಬಂತು. ವೆಜಿಟೆಬಲ್ ಫ್ರೈಡ್ ರೈಸ್, ಲೆಮನ್ ರೈಸ್, ಬಿರಿಯಾನಿ ಎಂದೆಲ್ಲ ಪೇಪರಿನಲ್ಲಿ ಓದಿ ನಮಗೂ ಖುಷಿಯಾಯಿತು. ಮೆನು ಮಾಡಿದವರ ಮನಸ್ಸು ಒಳ್ಳೆಯದೇ. ಆದರೆ ನಮ್ಮಲ್ಲಿ ಬಂದ ಅಕ್ಕಿಗೆ, ಇರುವ ಒಲೆಗೆ, ಇರುವ ಒಬ್ಬರು ಅಡುಗೆಯವರಿಗೆ ಫ್ರೈಡ್ ರೈಸ್ ಕೂಡಿಬರಲಿಲ್ಲ. ಮುದ್ದೆಯಾಯಿತು. ಚಿಕ್ಕ ಮಕ್ಕಳು ಅರ್ಧ ತಿಂದು ಎಸೆದರು. ಅದೇ ಮಕ್ಕಳು ಹುರುಳಿ ಸಾರು ಇದ್ದ ದಿನ ಎರಡನೇ ಸಲ ಬಡಿಸಿಕೊಳ್ಳುತ್ತಾರೆ. ಯಾವ ದಿನ ಎಷ್ಟು ಅನ್ನ ಉಳಿಯಿತು, ಯಾವ ಪಲ್ಯ ಬಕೆಟಿಗೆ ಹೋಯಿತು ಎಂದು ತಮ್ಮನನ್ನು ಕೇಳಿದರೆ ಥಟ್ಟನೆ ಹೇಳುತ್ತಾನೆ. ಆ ಲೆಕ್ಕ ಯಾವ ರಿಜಿಸ್ಟರಿನಲ್ಲೂ ಇಲ್ಲ.

ಇನ್ನೊಂದು ವಿಷಯ ಕೇಳಿ. ಇತ್ತೀಚಿನ ವರ್ಷಗಳಲ್ಲಿ ಶಾಲೆಗೆ ಬಂದದ್ದು ಸಾರವರ್ಧಿತ ಅಕ್ಕಿ. ನೂರು ಕಾಳಿಗೆ ಒಂದರಂತೆ ಕಬ್ಬಿಣ, ಫೋಲಿಕ್ ಆಮ್ಲ, ಬಿ-12 ಸೇರಿಸಿ ಮಾಡಿದ ಕಾಳು ಬೆರೆಸಿರುತ್ತಾರೆ. ಅದು ನೋಡಲು ಸ್ವಲ್ಪ ಬೇರೆ ಥರ ಇರುತ್ತದೆ. ನಮ್ಮಲ್ಲಿ ಅದಕ್ಕೆ 'ಪ್ಲಾಸ್ಟಿಕ್ ಅಕ್ಕಿ' ಎಂದು ಹೆಸರು ಬಿತ್ತು. ತಾಯಂದಿರು ಮಕ್ಕಳಿಗೆ ಅದನ್ನು ಹೆಕ್ಕಿ ಬಿಸಾಡಲು ಹೇಳಿಕೊಟ್ಟರು. ಮಕ್ಕಳು ಶ್ರದ್ಧೆಯಿಂದ ಹೆಕ್ಕಿದರು. ಸರಕಾರ ಖರ್ಚು ಮಾಡಿ ಬೆರೆಸಿದ ಪೋಷಕಾಂಶವೇ ಆಯ್ದು ತಿಪ್ಪೆಗೆ ಹೋಯಿತು! ಯಾರಾದರೂ ಹತ್ತು ನಿಮಿಷ ನಿಂತು ತುಳುವಿನಲ್ಲೋ ಕನ್ನಡದಲ್ಲೋ ವಿವರಿಸಿದ್ದರೆ ಸಾಕಿತ್ತು. ಮಕ್ಕಳು ಏನು ಹೆಕ್ಕುತ್ತಿದ್ದಾರೆ ಎಂದು ಸಮಿತಿಗೆ ಗೊತ್ತಿದ್ದರೆ ತಾನೇ ವಿವರಿಸುವುದು.

ಹಾಗಾದರೆ ಮಕ್ಕಳು ಮಾತಾಡಲು ಜಾಗವೇ ಇಲ್ಲವೇ? ಇದೆ. ಕಾಗದದಲ್ಲಿ ಬೇಕಾದಷ್ಟಿದೆ. ಕುಟುಂಬಶ್ರೀಯ (ಹೆಂಗಸರ ಸ್ವಸಹಾಯ ಸಂಘಗಳ) ಬಾಲಸಭೆ ಇದೆ, ಅದರ ಮೇಲೆ ಬಾಲಪಂಚಾಯತ್ ಇದೆ. ಶಿಕ್ಷಣ ಹಕ್ಕು ಕಾಯ್ದೆಯ 21ನೇ ಸೆಕ್ಷನ್ನಿನಲ್ಲಿ ಶಾಲಾ ಸಮಿತಿಯ ನಾಲ್ಕರಲ್ಲಿ ಮೂರು ಪಾಲು ಹೆತ್ತವರೇ ಇರಬೇಕು, ಅರ್ಧದಷ್ಟು ಹೆಂಗಸರಿರಬೇಕು ಎಂದಿದೆ. ಉಳಿದ ಪಾಲಿನಲ್ಲಿ ಶಾಲೆಯ ಮಕ್ಕಳನ್ನೂ ಸೇರಿಸಬಹುದು ಎಂದು 2010ರ ಕೇಂದ್ರದ ಮಾದರಿ ನಿಯಮಗಳೇ ಹೇಳುತ್ತವೆ.

ನಮ್ಮ ಪಂಚಾಯತಿನ ಮಕ್ಕಳ ಸಭೆಯೊಂದಕ್ಕೆ ನಾನು ತಮ್ಮನನ್ನು ಕರೆದುಕೊಂಡು ಹೋಗಿದ್ದೆ. ಸ್ವಾಗತ, ದೀಪ, ಉದ್ಘಾಟನೆ, ಮೂರು ಭಾಷಣ, ಎಲ್ಲ ಮಲಯಾಳದಲ್ಲಿ. ಕನ್ನಡ ಶಾಲೆಯ ಮಕ್ಕಳು ಉಳಿದವರು ಚಪ್ಪಾಳೆ ತಟ್ಟಿದಾಗ ತಾವೂ ತಟ್ಟಿದರು. ಕೊನೆಗೆ ಪ್ರಶ್ನೆ ಇದ್ದರೆ ಕೇಳಿ ಎಂದರು. ಆರನೇ ಕ್ಲಾಸಿನ ಒಬ್ಬಳು ಹುಡುಗಿ ಎದ್ದು ನಿಂತು, "ನಮಗೆ ಮೊಟ್ಟೆ ಕೆಲವು ವಾರ ಯಾಕೆ ಸಿಗುವುದಿಲ್ಲ?" ಎಂದು ಕನ್ನಡದಲ್ಲಿ ಕೇಳಿದಳು. ವೇದಿಕೆಯಲ್ಲಿದ್ದವರು ನಕ್ಕರು. "ಮೊಟ್ಟೆ ಅಂದರೆ ಅಷ್ಟು ಇಷ್ಟವಾ?" ಎಂದು ಒಬ್ಬರು ತಮಾಷೆ ಮಾಡಿದರು. ಹುಡುಗಿ ಕೂತಳು. ಲಡ್ಡು ಹಂಚಿದರು, ಫೋಟೋ ತೆಗೆದರು. ಆಮೇಲೆ ನಾನು ನಡಾವಳಿ ಕೇಳಿ ಓದಿದೆ. ಭಾಷಣ ಮಾಡಿದವರ ಹೆಸರೆಲ್ಲ ಇತ್ತು. ಪ್ರಶ್ನೆ ಇರಲಿಲ್ಲ.

ಇಡೀ ಪತ್ರದಲ್ಲಿ ನನಗೆ ಜಾಸ್ತಿ ಸಿಟ್ಟು ಬರುವ ವಿಷಯ ಇದೇ. ತೆಳ್ಳಗಿನ ಸಾಂಬಾರಿಗೆ ದುಡ್ಡಿಲ್ಲ ಎನ್ನುವ ಕಾರಣವಾದರೂ ಇದೆ. ಒಂದು ಪ್ರಶ್ನೆಯನ್ನು ಬರೆದಿಡದೇ ಇರುವುದಕ್ಕೆ ಏನು ಕಾರಣ? ಪೆನ್ನಿನ ಶಾಯಿಗೂ ಬಾಕಿ ಬರಬೇಕಿತ್ತೇ?

ಹದಿನೆಂಟು ದಾಟಿದ ನಮ್ಮ ಪಾಡೂ ಇದಕ್ಕಿಂತ ಬೇರೆ ಅಲ್ಲ. ಯುವಜನ ಅಂದರೆ ಪಂಚಾಯತಿಗೆ ಕೇರಳೋತ್ಸವ. ಕಬಡ್ಡಿ, ವಾಲಿಬಾಲ್, ಹಗ್ಗಜಗ್ಗಾಟ, ಕ್ಲಬ್ಬಿಗೆ ಜೆರ್ಸಿ. ನನಗೆ ಕಬಡ್ಡಿ ಇಷ್ಟ, ಅದು ಬೇಡ ಎನ್ನುವುದಿಲ್ಲ. ಆದರೆ ವರ್ಷದ ಉಳಿದ ದಿನ ನಾವು ಎಲ್ಲಿದ್ದೇವೆ? ಯೋಜನೆಯ ವರ್ಕಿಂಗ್ ಗ್ರೂಪಿನಲ್ಲಿ ಯುವಜನರ ಹೆಸರು ಬೇಕಾದಾಗ ಪಕ್ಷದ ಪಟ್ಟಿಯಿಂದ ಬರುತ್ತದೆ. ಹಾಗೆ ಹೆಸರು ಬಂದ ಒಬ್ಬ ಹುಡುಗ ನನ್ನ ಕ್ಲಾಸ್‌ಮೇಟ್. ತಾನು ಶಿಕ್ಷಣದ ಗುಂಪಿನಲ್ಲಿದ್ದೇನೆ ಎಂದು ಅವನಿಗೆ ನಾನು ಹೇಳಿದ ಮೇಲೆಯೇ ಗೊತ್ತಾದದ್ದು.

ಗ್ರಾಮಸಭೆಗೆ ಬನ್ನಿ ಎನ್ನುತ್ತೀರಿ. ಮೂರು ತಿಂಗಳಿಗೊಮ್ಮೆ ಸೇರಬೇಕು, ಮತದಾರರಲ್ಲಿ ಹತ್ತು ಶೇಕಡ ಜನ ಇರಬೇಕು ಎಂದು ಕಾನೂನಿದೆ. ನಮ್ಮ ವಾರ್ಡಿನಲ್ಲಿ ಅದು ಕೆಲಸದ ದಿನ ಬೆಳಗ್ಗೆ ಹನ್ನೊಂದಕ್ಕೆ. ಆ ಹೊತ್ತಿಗೆ ಇಲ್ಲಿಯ ಯುವಕ ಯುವತಿಯರಲ್ಲಿ ಅರ್ಧದಷ್ಟು ಜನ ತಲಪಾಡಿ ದಾಟಿ ಮಂಗಳೂರಿನಲ್ಲಿರುತ್ತಾರೆ. ಕಾಲೇಜು, ಆಸ್ಪತ್ರೆ, ಅಂಗಡಿ, ಆಫೀಸು. ಸಭೆಗೆ ಬರುವುದು ಕುಟುಂಬಶ್ರೀಯ ಅಕ್ಕಂದಿರು, ಉದ್ಯೋಗ ಖಾತ್ರಿಯ ಅಮ್ಮಂದಿರು. ಕೋರಂ ಸಾಲದಿದ್ದರೆ ಸಹಿ ಪುಸ್ತಕ ಮನೆ ಮನೆಗೆ ಬರುತ್ತದೆ. ನಮ್ಮ ಮನೆಗೂ ಬಂದಿದೆ.

ಪಂಚಾಯತಿಗೆ ನಿಲ್ಲಲು 21 ವರ್ಷ ಆದರೆ ಸಾಕು. 2020ರಲ್ಲಿ ತಿರುವನಂತಪುರದಲ್ಲಿ 21 ವರ್ಷದ ಆರ್ಯಾ ರಾಜೇಂದ್ರನ್ ಮೇಯರ್ ಆದರು. ಇಡೀ ದೇಶ ತಿರುಗಿ ನೋಡಿತು. ನಮ್ಮ ಹಿಂದಿನ ಮಂಡಳಿಯಲ್ಲಿ ಮೂವತ್ತರ ಒಳಗಿನವರು ಒಬ್ಬರೂ ಇರಲಿಲ್ಲ. ಹೆಂಗಸರಿಗೆ ಅರ್ಧ ಸೀಟು ಎಂದು ಕಾನೂನು ಬಂದದ್ದರಿಂದ ಅವರು ಬಂದರು, ಚೆನ್ನಾಗಿಯೇ ಕೆಲಸ ಮಾಡುತ್ತಿದ್ದಾರೆ. ಯುವಜನರಿಗೆ ಅಂಥ ಮೀಸಲಾತಿ ಇಲ್ಲ. ಹಾಗಾಗಿ ಮಂಡಳಿಯ ಹೊರಗೆ, ಸಮಿತಿಗಳಲ್ಲಾದರೂ ನಮಗೆ ಜಾಗ ಬೇಕು.

ಗಡಿಯಾಚೆ ಕರ್ನಾಟಕದಲ್ಲಿ ಪಂಚಾಯತುಗಳು ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ ನಡೆಸಬೇಕು. ವಿಟ್ಲದ ಕಡೆ ಇರುವ ನಮ್ಮ ದೊಡ್ಡಮ್ಮನ ಮೊಮ್ಮಗಳು ಅಂಥ ಸಭೆಯಲ್ಲಿ ಶಾಲೆಯ ಶೌಚಾಲಯದ ಬಾಗಿಲಿಗೆ ಚಿಲಕ ಇಲ್ಲ ಎಂದು ಹೇಳಿದಳಂತೆ. ಚಿಲಕ ಬಂತು. ತಡವಾಗಿ ಬಂತು, ಆದರೂ ಬಂತು. ಅಲ್ಲಿ ಎಲ್ಲವೂ ಸರಿ ಇದೆ ಎಂದು ನಾನು ಹೇಳುತ್ತಿಲ್ಲ, ಅಲ್ಲಿಯೂ ಹೆಸರಿಗೆ ಮಾತ್ರ ನಡೆಯುವ ಸಭೆಗಳಿವೆ. ಒಂದು ಮಗು ಹೇಳಿದ್ದನ್ನು ಯಾರೋ ಬರೆದುಕೊಂಡರು ಅನ್ನುವುದಷ್ಟೇ ನನ್ನ ಮಾತು.

ಇದಕ್ಕೆ ಬರುವ ಉತ್ತರ ನನಗೆ ಗೊತ್ತು. ಮಕ್ಕಳಿಗೆ ಏನು ಗೊತ್ತಾಗುತ್ತದೆ, ದಿನಾ ಬಿರಿಯಾನಿ ಕೇಳುತ್ತಾರೆ ಎನ್ನುತ್ತಾರೆ. ಕೇಳಲಿ. 6.78 ರೂಪಾಯಿಯ ಲೆಕ್ಕವನ್ನು ಅವರ ಮುಂದೆ ಇಡಿ. ಏಳನೇ ಕ್ಲಾಸಿನ ಮಕ್ಕಳಿಗೆ ಗುಣಿಸಲು ಬರುತ್ತದೆ. ಆಮೇಲೆ ಅವರೇ ಹೇಳುತ್ತಾರೆ, ಬಸಳೆ ನಮ್ಮ ಮನೆಯಲ್ಲಿ ಚಪ್ಪರ ತುಂಬಾ ಇದೆ, ತರುತ್ತೇವೆ ಅಂತ. ಯುವಜನರನ್ನು ಒಳಗೆ ಬಿಟ್ಟರೆ ಶಾಲೆಗೆ ರಾಜಕೀಯ ಬರುತ್ತದೆ ಎಂಬುದು ಇನ್ನೊಂದು ಮಾತು. ಪಿಟಿಎ (ಹೆತ್ತವರ-ಅಧ್ಯಾಪಕರ ಸಂಘ) ಚುನಾವಣೆಯ ಸಮಯದಲ್ಲಿ ಒಮ್ಮೆ ಶಾಲೆಗೆ ಬನ್ನಿ. ರಾಜಕೀಯ ಆಗಲೇ ಬಂದು ಕುರ್ಚಿಯಲ್ಲಿ ಕೂತಿದೆ.

ನಾನು ಕೇಳುತ್ತಿರುವುದು ರೈಡ್ ಅಲ್ಲ, ಇದನ್ನು ದಯವಿಟ್ಟು ಗಮನಿಸಿ. ಹತ್ತು ಜನ ಜೀಪಿನಲ್ಲಿ ಬಂದು ಸ್ಟಾಕ್ ರಿಜಿಸ್ಟರ್ ತೆಗೆಸಿ, ಹೆಡ್ ಮಾಷ್ಟ್ರಿಗೆ ನೋಟಿಸ್ ಕೊಟ್ಟು ಹೋದರೆ ಮರುದಿನದ ಸಾಂಬಾರು ಗಟ್ಟಿಯಾಗುವುದಿಲ್ಲ. ಅವರು ಈಗಾಗಲೇ ಸಾಲದಲ್ಲಿದ್ದಾರೆ.

ಬೇಕಾದದ್ದು ಇಷ್ಟು. ಊಟದ ಸಮಿತಿಯಲ್ಲಿ ಇಬ್ಬರು ಮಕ್ಕಳು ಇರಲಿ, ಒಬ್ಬಳು ಹುಡುಗಿ, ಒಬ್ಬ ಹುಡುಗ. ಅವರನ್ನು ಮಾಷ್ಟ್ರು ಆರಿಸುವುದು ಬೇಡ, ಮಕ್ಕಳೇ ಆರಿಸಲಿ. ಮಾಷ್ಟ್ರು ಆರಿಸಿದರೆ ಕ್ಲಾಸಿನ ಫಸ್ಟ್ ರ‍್ಯಾಂಕಿನವರೇ ಬರುತ್ತಾರೆ, ಅವರು ಮಾಷ್ಟ್ರ ಎದುರು ಸಾಂಬಾರು ಚಪ್ಪೆ ಎನ್ನುವುದಿಲ್ಲ. ಅವರ ಜೊತೆ ಅದೇ ಶಾಲೆಯಲ್ಲಿ ಓದಿದ, ಮೂವತ್ತರ ಒಳಗಿನ ಒಬ್ಬರನ್ನಾದರೂ ಸೇರಿಸಿ, ಯಾವ ಪಕ್ಷದ ಪಟ್ಟಿಯಿಂದಲೂ ಅಲ್ಲ, ಗ್ರಾಮಸಭೆಯಲ್ಲಿ ಕೇಳಿ. ರುಚಿಯ ಪುಸ್ತಕದಲ್ಲಿ ಮಕ್ಕಳ ಸಹಿಗೂ ಒಂದು ಕಾಲಂ ಇರಲಿ, ಎಷ್ಟು ಉಳಿಯಿತು ಎನ್ನುವುದಕ್ಕೆ ಇನ್ನೊಂದು ಕಾಲಂ.

ಮಕ್ಕಳ ಸಭೆಯನ್ನು ಕನ್ನಡ ಶಾಲೆಯ ಮಕ್ಕಳಿಗೆ ಕನ್ನಡದಲ್ಲೇ ನಡೆಸಿ. 1969ರ ಕೇರಳ ಆಡಳಿತ ಭಾಷಾ ಕಾಯ್ದೆಯಲ್ಲೇ ಭಾಷಾ ಅಲ್ಪಸಂಖ್ಯಾತ ಪ್ರದೇಶದ ಕನ್ನಡಿಗರು ಇಲ್ಲಿಯ ಸರಕಾರಿ ಕಚೇರಿಗಳಿಗೆ ಕನ್ನಡದಲ್ಲಿ ಬರೆಯಬಹುದು, ಉತ್ತರವೂ ಕನ್ನಡದಲ್ಲೇ ಬರಬೇಕು ಎಂದಿದೆ. ದೊಡ್ಡವರಿಗೆ ಇರುವ ಅವಕಾಶ ಚಿಕ್ಕವರಿಗೆ ಬೇಡವೇ? ಅಲ್ಲಿ ಕೇಳಿದ ಪ್ರತಿ ಪ್ರಶ್ನೆಯೂ ನಡಾವಳಿಗೆ ಬರಲಿ, ಪಂಚಾಯತಿನ ಮುಂದಿನ ಸಭೆಯಲ್ಲಿ ಓದಿಸಿ, ಒಂದು ತಿಂಗಳೊಳಗೆ ಶಾಲೆಗೆ ಉತ್ತರ ಕಳಿಸಿ. ಆಗುವುದಿಲ್ಲ ಎಂಬುದೂ ಉತ್ತರವೇ, ಯಾಕೆ ಆಗುವುದಿಲ್ಲ ಎಂದು ಬರೆದರಾಯಿತು.

ದುಡ್ಡಿನ ವಿಷಯ ಎರಡು. ಹಣ ತಡವಾದಾಗ ಅಂಗಡಿ ಬಾಕಿ ತೀರಿಸಲು ಪಂಚಾಯತಿನಿಂದ ಒಂದು ಸಣ್ಣ ನಿಧಿ ಇಡಲು ಸಾಧ್ಯವೇ ನೋಡಿ. ತಾತ್ಕಾಲಿಕವಾಗಿ ಊಟದ ಹಣ ಇಲ್ಲದಾಗ ಶಾಲೆಯ ಬೇರೆ ನಿಧಿಯಿಂದ ಖರ್ಚು ಮಾಡಿ, ಹಣ ಬಂದಾಗ ಮರಳಿ ತುಂಬಬಹುದು ಎಂದು 2015ರ ನಿಯಮಗಳೇ ಮುಖ್ಯಾಧ್ಯಾಪಕರಿಗೆ ಅಧಿಕಾರ ಕೊಟ್ಟಿವೆ. ಆದರೆ ಸಣ್ಣ ಶಾಲೆಗಳ ನಿಧಿಯಲ್ಲಿ ಏನಿರುತ್ತದೆ? ಎರಡನೆಯದು, ಅಕ್ಕನಿಗೆ ಒಬ್ಬರು ಸಹಾಯಕಿ. ಹತ್ತಿರದ ಕುಟುಂಬಶ್ರೀ ಗುಂಪಿನಿಂದ ದಿನಕ್ಕೆ ಮೂರು ಗಂಟೆಗೆ ಒಬ್ಬರು ಸಿಕ್ಕಿದರೂ ಮಕ್ಕಳು ಬಿಸಿ ಚರಿಗೆ ಹಿಡಿಯುವುದು ನಿಲ್ಲುತ್ತದೆ. ಎರಡರಲ್ಲಿ ಒಂದನ್ನೇ ಮಾಡಲು ಸಾಧ್ಯ ಎಂದಾದರೆ ಇದನ್ನು ಮೊದಲು ಮಾಡಿ.

ಗ್ರಾಮಸಭೆಯನ್ನು ಭಾನುವಾರ ಇಡಿ. ಊಟದ ಲೆಕ್ಕ ಅದರ ಮೊದಲ ವಿಷಯವಾಗಲಿ, ಕೊನೆಯದ್ದಲ್ಲ. ಕೊನೆಯ ವಿಷಯದ ಹೊತ್ತಿಗೆ ಎಲ್ಲರೂ ಚಾ ಕುಡಿದು ಎದ್ದಿರುತ್ತಾರೆ. ನಿಮ್ಮಲ್ಲಿ ಪ್ರತಿಯೊಬ್ಬರೂ ನಿಮ್ಮ ವಾರ್ಡಿನ ಶಾಲೆಯಲ್ಲಿ ತಿಂಗಳಿಗೊಮ್ಮೆ, ಮುಂಚೆ ಹೇಳದೆ, ಮಧ್ಯಾಹ್ನ ಊಟಕ್ಕೆ ಕೂರಿ. ಅಧ್ಯಾಪಕರ ಕೋಣೆಯಲ್ಲಿ ಬೇಡ, ಮಕ್ಕಳ ಸಾಲಿನಲ್ಲಿ.

2026-27ರ ವಾರ್ಷಿಕ ಯೋಜನೆಯ ಮಾತುಕತೆ ನಡೆಯುವಾಗಲೇ ಇದನ್ನು ಸೇರಿಸಿದರೆ ಜೂನಿನಲ್ಲಿ ಶಾಲೆ ಶುರುವಾಗುವ ಹೊತ್ತಿಗೆ ಆಗಬಹುದು. ಆಮೇಲೆ ಎಂದರೆ ಇನ್ನೊಂದು ವರ್ಷ. ಅಷ್ಟರಲ್ಲಿ ನನ್ನ ತಮ್ಮ ಹೈಸ್ಕೂಲಿಗೆ ಹೋಗಿರುತ್ತಾನೆ, ಅದು ಜಿಲ್ಲಾ ಪಂಚಾಯತಿಗೆ ಸೇರಿದ್ದು, ಅಲ್ಲಿಗೆ ಬೇರೆ ಪತ್ರ ಬರೆಯಬೇಕಾಗುತ್ತದೆ.

ಉತ್ತರವನ್ನು ಕನ್ನಡದಲ್ಲಿ ಕೊಡಿ. ಅದರ ಒಂದು ಪ್ರತಿಯನ್ನು ಪಂಚಾಯತಿನ ಎಲ್ಲ ಶಾಲೆಗಳ ನೋಟಿಸ್ ಬೋರ್ಡಿಗೂ ಹಾಕಿಸಿ. ಮುಂದಿನ ಗ್ರಾಮಸಭೆಗೆ ನಾವು ಕೆಲವರು ರಜೆ ಹಾಕಿಯಾದರೂ ಬರುತ್ತೇವೆ. ಮೊಟ್ಟೆಯ ಪ್ರಶ್ನೆ ಕೇಳಿದ ಹುಡುಗಿಯನ್ನೂ ಅವಳ ಮನೆಯವರ ಒಪ್ಪಿಗೆ ಪಡೆದು ಕರೆತರುತ್ತೇವೆ. ಅವಳಿಗೆ ಮಾತಾಡಲು ಐದು ನಿಮಿಷ ಕೊಡಬೇಕು ಎಂದು ಈಗಲೇ ಕೋರುತ್ತೇನೆ.

ಇತಿ,
ನಿಮ್ಮ ಪಂಚಾಯತಿನ ಒಬ್ಬಳು ಮತದಾರಳು, ಕನ್ನಡ ಶಾಲೆಯ ಹಳೆ ವಿದ್ಯಾರ್ಥಿನಿ

ಪ್ರತಿ: ಆರೋಗ್ಯ ಮತ್ತು ಶಿಕ್ಷಣ ಸ್ಥಾಯಿ ಸಮಿತಿಯ ಅಧ್ಯಕ್ಷರಿಗೆ
ಪ್ರತಿ: ಉಪಜಿಲ್ಲಾ ಶಿಕ್ಷಣಾಧಿಕಾರಿಗಳ ಕಚೇರಿಯ ನೂನ್ ಮೀಲ್ ಆಫೀಸರಿಗೆ
ಪ್ರತಿ: ಕುಟುಂಬಶ್ರೀ ಬಾಲಸಭೆಯ ಸಂಯೋಜಕರಿಗೆ